ಬೇಸ್ ಗಿಟಾರಿಗೆ ಬಣ್ಣ ಹಚ್ಚಿಸಿದೆ, ಅದು ಗುಂಯ್ ಅನ್ನೋಕೆ ಶುರು ಮಾಡಿತು

ಬಣ್ಣ ಬದಲಿಸಿದರೆ ಬೇಸ್ ಗಿಟಾರಿನ ಸೌಂಡ್ ಬದಲಾಗುತ್ತದಾ? ಇಲ್ಲ ಅಂತ ಹದಿನೈದು ವರ್ಷದಿಂದ ವಾದ ಮಾಡುತ್ತಾ ಬಂದವನು ನಾನು. ಈ ಸಲ ಗಣೇಶನ ಹಬ್ಬಕ್ಕೆ ಮುಂಚೆ ಹತ್ತು ದಿನ ಬಾಯಿ ಮುಚ್ಚಿಕೊಂಡು ಓಡಾಡಬೇಕಾಯಿತು. ಆ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಕೀಬೋರ್ಡಿನವನು ಅದಕ್ಕೆ ಒಗ್ಗರಣೆ ಹಾಕಿ ಊರೆಲ್ಲ ಹೇಳುತ್ತಾನೆ. ಅರ್ಧ ಹುಬ್ಬಳ್ಳಿಗೆ ಆಗಲೇ ಹೇಳಿದ್ದಾನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಪಕ್ಕ, ಲೈಟ್ ಬೀಳದ ಜಾಗದಲ್ಲಿ, ಉದ್ದನೆಯ ಗಿಟಾರ್ ಹಿಡಿದು ಒಬ್ಬ ನಿಂತಿರುತ್ತಾನಲ್ಲ, ಅದು ನಾನು. ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಅಷ್ಟು ಕೆಳಗಿನ ಸ್ವರ ಹೊರಡಿಸುವ ತಾಕತ್ತು ನಿಮ್ಮ ಮೊಬೈಲ್ ಸ್ಪೀಕರಿಗೆ ಇಲ್ಲ. ಹಾಗಾಗಿ ಕಾರ್ಯಕ್ರಮದ ವಿಡಿಯೊ ನೋಡಿದ ನೆಂಟರು, "ನೀವೇನ್ ಸುಮ್ನ ಕೈ ಆಡಿಸ್ತಿದ್ರೇನ್ರಿ?" ಅಂತ ಕೇಳುತ್ತಾರೆ. ರೂಢಿಯಾಗಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಬೇಸ್. ಕೇಶ್ವಾಪುರದ ಕಡೆ ಚರ್ಚಿನಲ್ಲಿ ಬಾರಿಸುತ್ತಿದ್ದ ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಕೊಟ್ಟು ಹೋದದ್ದು. ಫೆಂಡರ್ ಕಂಪನಿ 1960ರಲ್ಲಿ ತಂದ ಜಾಝ್ ಬೇಸಿನ ಆಕಾರ ಐತಿ, ಆದರೆ ಫೆಂಡರ್ ಅಲ್ಲ. ಕರಿ ಬಣ್ಣ. ಗದಗ, ಹಾವೇರಿ, ರೋಣ, ಸವಣೂರು ಅಂತ ಟೆಂಪೊದಲ್ಲಿ ಸ್ಪೀಕರ್ ಬಾಕ್ಸುಗಳ ನಡುವೆ ಮಲಗಿ ಮಲಗಿ ಅಂಚೆಲ್ಲ ಎದ್ದು ಹೋಗಿತ್ತು. ಹಿಂದುಗಡೆ ನನ್ನ ಬೆಲ್ಟಿನ ಬಕಲ್ ತಾಗಿ ರೊಟ್ಟಿಯಷ್ಟು ಅಗಲ ಬಣ್ಣ ಹೋಗಿತ್ತು. ಹೊಸದಾಗಿ ಬಣ್ಣ ಹೊಡೆಸುತ್ತೇನೆ ಅಂದೆ. ಕೀಬೋರ್ಡಿನವನು ಗಾಬರಿಯಾದ.

"ಹಳೇ ಬಣ್ಣದಾಗ ಸ್ವರ ಕುಂತಿರ್ತೈತಿ ದೋಸ್ತ್. ತೆಗಿಬ್ಯಾಡ."

ಎಲ್ಲಿ ಕುಂತಿರುತ್ತದೆ? ತಂತಿಯ ಕೆಳಗೆ ಪಿಕಪ್ ಅಂತ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಅದು ಆಂಪ್ಲಿಫೈಯರಿಗೆ ಹೋಗುತ್ತದೆ. ಈ ದಾರಿಯಲ್ಲಿ ಬಣ್ಣ ಎಲ್ಲೂ ಸಿಗುವುದಿಲ್ಲ. ತಂಬೂರಿಯ ಮಾತು ಬೇರೆ. ಅಲ್ಲಿ ಒಣಗಿದ ಬುರುಡೆ ಮತ್ತು ಮೇಲಿನ ತೆಳು ಹಲಗೆಯೇ ಗಾಳಿಯನ್ನು ಅಲುಗಾಡಿಸಬೇಕು. ತಂಬೂರಿ ಮಾಡುವ ಮಿರಜದವರು ಅದಕ್ಕೆ ಅರಗಿನ ಪಾಲಿಶ್ ತೆಳ್ಳಗೆ ಬಳಿಯುತ್ತಾರೆ. ಅದರ ಮೇಲೆ ದಪ್ಪಗೆ ಪ್ಲಾಸ್ಟಿಕ್ಕಿನಂಥ ಬಣ್ಣ ಹೊಡೆದರೆ ದನಿ ಸತ್ತಂಗೆ ಆದೀತು, ಒಪ್ಪಿದೆ. ಆದರೆ ನನ್ನದು ನಾಲ್ಕು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಹಲಗೆ.

ಅವನ ಮುಂದಿನ ಬಾಣ: "ಹೋಗ್ಲಿ, ಹೊಡಿಸೋದಾದ್ರ ನೈಟ್ರೋ ಹೊಡಿಸು. ಮರ ಉಸಿರಾಡ್ತೈತಿ."

ಈ ಉಸಿರಾಟದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಡಿದು, ಒಣಗಿಸಿ, ಕೊರೆದ ಮರ ಅದು. ಏನು ಉಸಿರಾಡುತ್ತದೆ? ಮತ್ತೆ ಈ ನೈಟ್ರೋಸೆಲ್ಯುಲೋಸ್ ಬಣ್ಣ ಹೆಸರು ಮಾಡಿದ್ದು ವಾದ್ಯದಿಂದ ಅಲ್ಲ, ಕಾರಿನಿಂದ. ಡ್ಯೂಪಾಂಟ್ ಕಂಪನಿಯ ಡ್ಯೂಕೋ, 1920ರ ದಶಕದಲ್ಲಿ ಕಾರಿಗೆ ಬೇಗ ಆರುವ ಬಣ್ಣ ಬೇಕು ಅಂತ ಬಂದದ್ದು. ನಮ್ಮ ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು ಡ್ಯೂಕೋನೇ. ಫೆಂಡರಿನ ಹೆಸರಾದ ಫಿಯೆಸ್ಟಾ ರೆಡ್ ಅಂದರೆ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. ಅಂದಮೇಲೆ ನಾನು ಬೇಸ್ ಹಿಡಿದುಕೊಂಡು ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿಗೆ ಹೋದದ್ದರಲ್ಲಿ ತಪ್ಪೇನಿದೆ?

ಹಳೇ ಬಣ್ಣ ಮಾತ್ರ ನಾನೇ ತೆಗೆದೆ, ಮನೆಯ ಮಾಳಿಗೆ ಮೇಲೆ. ಬರೀ ಸ್ಯಾಂಡ್ ಪೇಪರ್ ಹಿಡಿದು ಕೂತರೆ ದೀಪಾವಳಿ ಬರುತ್ತದೆ. ಈಗಿನ ಗಿಟಾರುಗಳ ಪಾಲಿಯೆಸ್ಟರ್ ಲೇಪ ಗಾಜಿನಷ್ಟು ಗಟ್ಟಿ. ಬಿಸಿಗಾಳಿ ಊದುವ ಹೀಟ್ ಗನ್ ಬೇಕು. ಒಂದೇ ಜಾಗಕ್ಕೆ ಹಿಡಿದು ಕಾಯ್ದರೆ ಮೊದಲು ಏನೂ ಆಗಲ್ಲ. ಆಮೇಲೆ ಹಂಚಿನ ಮೇಲಿನ ರೊಟ್ಟಿ ಉಬ್ಬಿದ ಹಾಗೆ ಬಣ್ಣ ಉಬ್ಬುತ್ತದೆ. ಆಗ ತಡ ಮಾಡದೆ ಪುಟ್ಟಿ ಹಚ್ಚುವ ಪಟ್ಟಿಯನ್ನು ಕೆಳಗೆ ತೂರಿಸಬೇಕು. ಅಂಗೈ ಅಗಲದ ಹಕ್ಕಳಿ ಒಂದೇ ಸಲಕ್ಕೆ ಏಳುತ್ತದೆ. ಆ ಖುಷಿ ಹೇಳೋಕಾಗಲ್ಲ. ವಾಸನೆ ಮಾತ್ರ ಕೆಟ್ಟದು, ಬಾಗಿಲು ಹಾಕಿಕೊಂಡು ಮಾಡಬೇಡಿ.

ಕರಿ ಬಣ್ಣ ಎದ್ದ ಮೇಲೆ ಗುಟ್ಟು ಬಯಲಾಯಿತು. ಒಂದೇ ಮರ ಅಲ್ಲ, ಮೂರು ತುಂಡು ಅಂಟಿಸಿದ್ದು. ಗಂಟು ಇದ್ದಲ್ಲಿ ಪುಟ್ಟಿ. ಮರದ ಎಳೆ ಕಾಣುವಂತೆ ಫ್ರೆಂಚ್ ಪಾಲಿಶ್ ಮಾಡಿಸಬೇಕು ಅಂದುಕೊಂಡಿದ್ದೆ. ಆ ಆಸೆ ಅಲ್ಲೇ ಬಿಟ್ಟೆ. ಕಡಿಮೆ ಬೆಲೆಯ ಗಿಟಾರಿಗೆ ಗಾಢ ಬಣ್ಣ ಯಾಕೆ ಹೊಡೆಯುತ್ತಾರೆ ಅಂತ ಅವತ್ತು ಅರ್ಥವಾಯಿತು.

ಬಣ್ಣ ಯಾವುದು? ಹೆಂಡತಿಯ ಇಳಕಲ್ ಸೀರೆಯ ದಡಿಯ ಕೆಂಪು. ಶೇಡ್ ಕಾರ್ಡಿನಲ್ಲಿ ಅದು ಇರಲಿಲ್ಲ, ಸೀರೆಯನ್ನೇ ಒಯ್ದೆ. "ರೀ, ಥಿನ್ನರಿಂದು ಒಂದು ಹನಿ ಬಿದ್ರ ನೋಡ್ರಿ ಮತ್ತ" ಅಂತ ಹೇಳಿಯೇ ಕೊಟ್ಟಳು. ಪೇಂಟರ್ ಸೀರೆಯ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಕೆಂಪಿಗೆ ಚೂರು ಕರಿ, ಚೂರು ಹಳದಿ ಬಿಟ್ಟ. ಕಡ್ಡಿಯಲ್ಲಿ ಕಲಸಿ ತಗಡಿನ ಚೂರಿನ ಮೇಲೆ ಎಳೆದ, ಆರಲು ಬಿಟ್ಟ, ಮತ್ತೆ ಸೀರೆ ಪಕ್ಕ ಹಿಡಿದ. ನಾಲ್ಕನೇ ಸಲಕ್ಕೆ ದಡಿ ಯಾವುದು, ತಗಡು ಯಾವುದು ಗೊತ್ತಾಗಲಿಲ್ಲ. ಬರೀ ಕಣ್ಣಳತೆ.

ಅವನ ಹತ್ತಿರ ಮಾತಾಡುತ್ತಾ, ನನ್ನ ಕಂಪ್ರೆಸರ್ ಯಾಕೋ ಕೆಟ್ಟಿದೆ, ಬೇಸ್ ಏರುಪೇರಾಗಿ ಕೇಳುತ್ತದೆ ಅಂದೆ. "ನಮ್ಮದು ಐತಲ್ರಿ ಸರ್, ರಾತ್ರಿ ಒಯ್ದು ಬೆಳಿಗ್ಗಿ ತಂದ್ಕೊಡ್ರಿ" ಅಂತ ಮೂಲೆಯಲ್ಲಿ ಡಬಡಬ ಅನ್ನುತ್ತಿದ್ದ ಗಾಳಿ ಟ್ಯಾಂಕ್ ತೋರಿಸಿದ. ನಾನು ಹೇಳಿದ್ದು ಅಂಗೈಯಷ್ಟು ಪೆಡಲ್, ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಹಾಕಿ ಕಾಲಿಂದ ಒತ್ತುವ ಡಬ್ಬಿ. ಜೋರಾಗಿ ಮೀಟಿದ್ದನ್ನು ತಗ್ಗಿಸಿ, ಮೆಲ್ಲಗೆ ಮೀಟಿದ್ದನ್ನು ಎತ್ತಿ, ಎಲ್ಲ ಸ್ವರ ಒಂದೇ ಮಟ್ಟಕ್ಕೆ ತರುವಂಥದ್ದು. ಅವನಿಗೆ ಹೇಳಿದೆ. "ಅಂದ್ರ ಒಳಗ ಗಾಳಿ ಇಲ್ಲ?" ಅಂದ. ಇಲ್ಲ.

ತೊಂದರೆ ಕೊಟ್ಟದ್ದು ಶ್ರಾವಣದ ಮಳೆ. ಮೊದಲ ಸಲ ಡ್ಯೂಕೋನೇ ಹೊಡೆದ. ಅರ್ಧ ಗಂಟೆಯಲ್ಲಿ ನನ್ನ ಕೆಂಪು ಬೇಸ್ ಮೈತುಂಬ ವಿಭೂತಿ ಬಳಿದುಕೊಂಡು ಕೂತಿತ್ತು. ಥಿನ್ನರ್ ಬೇಗ ಹಾರಿದರೆ ಮೇಲ್ಮೈ ತಣ್ಣಗಾಗುತ್ತದೆ. ಜಿಟಿಜಿಟಿ ಮಳೆಯ ಗಾಳಿಯಲ್ಲಿರುವ ತೇವ ಬಂದು ಅಲ್ಲಿ ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಎಲ್ಲ ಉಜ್ಜಿ ತೆಗೆದು, ಎರಡನೇ ಸಲ ಹಾರ್ಡ್‌ನರ್ ಬೆರೆಸುವ ಟೂ-ಕೆ ಬಣ್ಣ ಹೊಡೆದದ್ದಾಯಿತು. ಅದು ಬರೀ ಆರಿ ಗಟ್ಟಿಯಾಗುವುದಲ್ಲ, ಎರಡೂ ಸೇರಿ ಒಳಗೇ ಬಿಗಿಯುತ್ತದೆ. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಹೊಡೆಯುವ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದ. ಅದು ಸಾಲಲ್ಲಪ್ಪ, ಫಿಲ್ಟರ್ ಇರುವ ಮಾಸ್ಕ್ ಹಾಕಬೇಕು ಅಂದೆ. ನಕ್ಕ. ಮರುದಿನ ನಾನೇ ಒಂದು ತಂದುಕೊಟ್ಟೆ. ಈಗಲೂ ಹಾಕುತ್ತಾನೋ, ಮೊಳೆಗೆ ತೂಗು ಹಾಕಿದ್ದಾನೋ.

ಕೊನೆಯ ಹೊಳಪು ನನ್ನ ಕೈಯಿಂದ ಅಂತ ಹಟ ಹಿಡಿದೆ. 1000, 1500, 2000 ನಂಬರಿನ ವಾಟರ್ ಪೇಪರ್, ಸೋಪಿನ ನೀರು, ಆಮೇಲೆ ರಬ್ಬಿಂಗ್ ಕಾಂಪೌಂಡ್. ಇಲ್ಲಿ ಒಂದು ಎಡವಟ್ಟು. ಸ್ಕ್ರೂ ತೂತಿಗೆ ನೀರು ಇಳಿಯಿತು, ಒಳಗಿನ ಮರ ಉಬ್ಬಿತು, ಹೊಸ ಬಣ್ಣ ಕೂದಲೆಳೆಯಷ್ಟು ಬಿರಿಯಿತು. ತೂತಿಗೆ ಮೊದಲೇ ಮೇಣ ತುಂಬಿದ್ದರೆ ಆಗುತ್ತಿರಲಿಲ್ಲ. ಬಿರುಕು ಈಗಲೂ ಇದೆ. ನಾನು ತೋರಿಸಿದರೆ ಮಾತ್ರ ಕಾಣುತ್ತದೆ, ನಾನು ತೋರಿಸಲ್ಲ.

ಎಲ್ಲ ಜೋಡಿಸಿ, ಹೊಸ ತಂತಿ ಹಾಕಿ, ರಿಹರ್ಸಲ್ಲಿಗೆ ಒಯ್ದೆ. ಎಲ್ಲರೂ ವ್ಹಾ ಅಂದರು. ಜ್ಯಾಕ್ ಸಿಕ್ಕಿಸಿದೆ.

ಗುಂಯ್ ಅಂತು.

ಸಣ್ಣ ಗುಂಯ್ ಅಲ್ಲ, ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತ ಹಾಗೆ. ಕೀಬೋರ್ಡಿನವನು ಒಂದು ಮಾತೂ ಆಡಲಿಲ್ಲ. ಸುಮ್ನೆ ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ತಪ್ಪು ಪೆಡಲ್ಲುಗಳದ್ದು ಅಂತ ತೀರ್ಮಾನ ಮಾಡಿ ಒಂದೊಂದೇ ತೆಗೆಯುತ್ತಾ ಹೋದೆ. ಮೊದಲು ಅಡಾಪ್ಟರ್. ಬಹಳಷ್ಟು ಪೆಡಲ್ಲಿಗೆ 9 ವೋಲ್ಟ್ ಬೇಕು, ಪಿನ್ನಿನ ನಡು ಮೈನಸ್ ಇರಬೇಕು. ಬಜಾರಿನಲ್ಲಿ ಸಿಗುವ ಮಾಮೂಲಿ ಅಡಾಪ್ಟರುಗಳಲ್ಲಿ ನಡು ಪ್ಲಸ್ ಇರುವುದೇ ಜಾಸ್ತಿ. ನೋಡದೆ ಚುಚ್ಚಿ ನಾನು ಹಿಂದೆ ಒಂದು ಪೆಡಲ್ ಸುಟ್ಟಿದ್ದೇನೆ. ಈ ಸಲ ಹೊಸ ಅಡಾಪ್ಟರ್ ತಂದೆ. ದುಡ್ಡು ಹೋಯಿತು, ಗುಂಯ್ ಹೋಗಲಿಲ್ಲ.

ಆಮೇಲೆ ಆಕ್ಟೇವ್ ಪೆಡಲ್. ಬಾರಿಸಿದ ಸ್ವರದ ಜೊತೆ ಅದರ ಕೆಳಗಿನ ಸಪ್ತಕದ್ದನ್ನೂ ಸೇರಿಸುತ್ತದೆ. ನಿಜ ಹೇಳಬೇಕಂದ್ರೆ ಆರ್ಕೆಸ್ಟ್ರಾದವನಿಗೆ ಇದು ಬೇಡ. 41ರ ಅರ್ಧ ಎಷ್ಟು? ಇಪ್ಪತ್ತು ಚಿಲ್ಲರೆ. ಅದು ಕಿವಿಗೆ ಕೇಳಲ್ಲ, ಬರೀ ಪೆಂಡಾಲಿನ ತಗಡು ನಡುಗುತ್ತದೆ. ತೆಗೆದಿಟ್ಟೆ, ತೆಗೆದೇ ಇಟ್ಟಿದ್ದೇನೆ, ಬೇಕಾದವರು ಕೇಳಿ.

ಓವರ್‌ಡ್ರೈವ್ ತೆಗೆಯುವಾಗ ಮಾತ್ರ ಸಂಕಟವಾಯಿತು. ಇದರ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ಸ್ವರವನ್ನು ಒಡೆದು ಗೊರಗೊರ ಮಾಡುವ ಪೆಡಲ್ ಇದು. ಹೊಸದಾಗಿ ಬೇಸ್ ಹಿಡಿದ ಹುಡುಗರು ಗಿಟಾರಿನವರದ್ದನ್ನೇ ತಂದು ಹಚ್ಚುತ್ತಾರೆ. ನಾನೂ ಮಾಡಿದ್ದೆ. ಕಾಲಿಂದ ಒತ್ತಿದ ಕೂಡಲೆ ತಬಲಾದವನ ಎಡಗೈ ಕಟ್ಟಿದ ಹಾಗಾಗುತ್ತದೆ. ಡಗ್ಗಾ ಮಾಯ, ಬರೀ ಟಿಣ್ ಟಿಣ್. ಯಾಕಂದ್ರೆ ಗಿಟಾರಿನ ಪೆಡಲ್ಲಿನಲ್ಲಿ ಕೆಳಗಿನ ಸ್ವರಗಳು ಕೆಸರಾಗಬಾರದು ಅಂತ ಬೇಕಂತಲೇ ಅವನ್ನು ಹಿಂದೆ ಸರಿಸಿರುತ್ತಾರೆ. ಐಬನೆಝ್ ಟ್ಯೂಬ್ ಸ್ಕ್ರೀಮರ್ ಅನ್ನೋ ಗಿಟಾರ್ ಪೆಡಲ್ಲಿನಲ್ಲಿ ಸೆಕೆಂಡಿಗೆ ಸುಮಾರು 720 ಸಲ, ಅಂದರೆ 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಇಳಿಯುತ್ತಾ ಹೋಗುತ್ತದೆ. ನಮ್ಮ ಸಂಸಾರ ಪೂರ್ತಿ ಅದರ ಕೆಳಗೇ ಇದೆ. ಹೆಸರು ನೋಡಬೇಡಿ, ಬೆಲೆ ನೋಡಬೇಡಿ, ಶುದ್ಧ ಸ್ವರವನ್ನು ಪಕ್ಕದಲ್ಲೇ ಬೆರೆಸುವ ಬ್ಲೆಂಡ್ ಗುಬುಟು ಇದೆಯಾ ನೋಡಿ. ಸ್ಯಾನ್ಸ್‌ಆಂಪಿನ ಬೇಸ್ ಡ್ರೈವರಿನಲ್ಲಿದೆ. ಬಾಸ್ ಕಂಪನಿಯ ಓಡಿಬಿ-3ರಲ್ಲಿ ಅದೇ ಕೆಲಸಕ್ಕೆ ಬ್ಯಾಲೆನ್ಸ್ ಅಂತ ಇದೆ.

"ಚಲೋ ಸ್ವರ ಯಾಕ್ ಒಡೀತಿ?" ಅಂತ ಕೇಳುವ ಹಿರಿಯರು ನಮ್ಮ ಧಾರವಾಡದಲ್ಲಿ ಬಹಳ. ಅವರಿಗೆ ನನ್ನದೊಂದೇ ಉತ್ತರ: ತಂಬೂರಿಯ ಕುದುರೆ (ತಂತಿಗಳನ್ನು ಹೊತ್ತ ಪಟ್ಟಿ) ಮೇಲೆ ತಂತಿಯ ಕೆಳಗೆ ದಾರ ಯಾಕೆ ಸಿಕ್ಕಿಸುತ್ತೀರಿ? ಆ ದಾರವನ್ನು ಒಂದು ಕೂದಲಷ್ಟು ಸರಿಸಿದರೆ ಒಣ ತಂತಿ ಜುಂಯ್ ಅಂತ ಅರಳುತ್ತದಲ್ಲ, ಅದನ್ನು ಜವಾರಿ ಅನ್ನುತ್ತಾರೆ. (ನಮ್ಮ ಜವಾರಿ ಬದನೆಕಾಯಿಯ ಜವಾರಿ ಬೇರೆ, ಆದರೂ ಎರಡಕ್ಕೂ ರುಚಿ ಜಾಸ್ತಿ.) ತಂತಿ ಕುದುರೆಯ ಬಾಗಿದ ಮೈಗೆ ಸವರಿ ಸವರಿ ಮೇಲಿನ ಸ್ವರಗಳೆಲ್ಲ ಎದ್ದು ಬರುತ್ತವೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಕುದುರೆ ಬಗ್ಗೆಯೇ ಬರೆದಿದ್ದರು. ಓವರ್‌ಡ್ರೈವ್ ಮಾಡುವುದು ಅದನ್ನೇ, ಕರೆಂಟಿನಿಂದ. 41ರ ಜೊತೆ 82, 123, 164 ಎಬ್ಬಿಸುತ್ತದೆ. ಸಣ್ಣ ಸ್ಪೀಕರಿನಲ್ಲಿ 41 ಬರದಿದ್ದರೂ ಮೇಲಿನವು ಕೇಳಿದರೆ ಸಾಕು, ಕೆಳಗಿನ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಅದನ್ನು ಹಚ್ಚಿದ ದಿನದಿಂದ ನೆಂಟರ ಕೈ ಆಡಿಸುವ ಪ್ರಶ್ನೆ ಕಡಿಮೆಯಾಗಿದೆ.

ಇರಲಿ. ಎಲ್ಲ ಪೆಡಲ್ ತೆಗೆದೆ. ಗುಂಯ್ ಸಣ್ಣದಾಯಿತು, ನಿಲ್ಲಲಿಲ್ಲ. ಅಂದರೆ ಪೆಡಲ್ಲುಗಳು ಅದನ್ನು ದೊಡ್ಡದು ಮಾಡುತ್ತಿದ್ದವು, ಅಷ್ಟೆ. ರೋಗ ಬೇಸಿನಲ್ಲೇ. ಮನೆಗೆ ಬಂದು ರಾತ್ರಿ ಒಂದು ಗಂಟೆಗೆ ಸಣ್ಣ ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ಕೇಬಲ್ ಕೀಳಲು ಹೋದಾಗ ಬೆರಳು ಜ್ಯಾಕಿನ ಲೋಹಕ್ಕೆ ತಾಗಿತು. ಗುಂಯ್ ನಿಂತಿತು. ಬೆರಳು ತೆಗೆದೆ, ಬಂತು. ತಂತಿ ಮುಟ್ಟಿದೆ, ನಿಲ್ಲಲಿಲ್ಲ.

ತಂತಿ ಮುಟ್ಟಿದರೆ ನಿಲ್ಲಬೇಕು! ಬೇಸಿನ ಬುಡದಲ್ಲಿ ತಂತಿಗಳನ್ನು ಹಿಡಿದಿರುವ ಲೋಹದ ಬ್ರಿಜ್ಜಿನ ಕೆಳಗೆ ಒಂದು ಅರ್ತ್ ವಯರ್ ಬಂದು ಮಲಗಿರುತ್ತದೆ. ಬ್ರಿಜ್ ಅದನ್ನು ಒತ್ತಿ ಹಿಡಿಯುತ್ತದೆ, ಅಲ್ಲಿಂದ ನಾಲ್ಕೂ ತಂತಿಗೆ ಅರ್ತ್ ಸಿಗುತ್ತದೆ. ಬ್ರಿಜ್ ಬಿಚ್ಚಿ ನೋಡಿದೆ. ವಯರಿನ ಸುಲಿದ ತುದಿ, ಒಂದು ಸೆಂಟಿಮೀಟರ್, ಮೇಲೆ ಚಂದದ ಇಳಕಲ್ ಕೆಂಪು, ಅದರ ಮೇಲೆ ಫಳಫಳ ಕ್ಲಿಯರ್ ಕೋಟ್. ತೂತಿನೊಳಗೆ ತಳ್ಳಿ ಟೇಪ್ ಹಚ್ಚಬೇಕಾಗಿತ್ತು. ಆ ಕೆಲಸ ನನ್ನದು, ಪೇಂಟರಿನದಲ್ಲ. ಬ್ಲೇಡಿನಿಂದ ಕೆರೆದೆ, ತಾಮ್ರ ಮಿಂಚಿತು. ಬ್ರಿಜ್ ಬಿಗಿದೆ. ತಂತಿ ಮೇಲೆ ಕೈ ಇಟ್ಟೆ. ಗಪ್‌ಚುಪ್.

ಮರುದಿನ ಕೀಬೋರ್ಡಿನವನಿಗೆ ಎಲ್ಲ ಬಿಡಿಸಿ ಹೇಳಿದೆ. ಸ್ವರ ಬದಲಾಗಿಲ್ಲ, ಅರ್ತ್ ಹೋಗಿತ್ತು, ಎರಡೂ ಬೇರೆ ಬೇರೆ ಅಂತ. ಪೂರ್ತಿ ಕೇಳಿದ. ಗಿರಮಿಟ್ ತಿನ್ನುತ್ತಾ ಅಂದ, "ಅಂದ್ರ ಬಣ್ಣದಿಂದನ ಕೆಟ್ಟಿತ್ತು ಅಂದಂಗಾತಲ್ಲ?"

ಏನು ಹೇಳೋದು? ಒಂದು ಲೆಕ್ಕಕ್ಕೆ ಹೌದು.

ಹಬ್ಬದ ಹನ್ನೊಂದು ದಿನದಲ್ಲಿ ಏಳು ಕಾರ್ಯಕ್ರಮ ಆದವು. ಸೀರಿಯಲ್ ಸೆಟ್ ಲೈಟಿನ ಪಕ್ಕ, ಜನರೇಟರ್ ಕರೆಂಟಿನಲ್ಲಿ, ಎಲ್ಲೂ ಗುಂಯ್ ಬರಲಿಲ್ಲ. ಈಗ ಅದೇ ಮಹಾಶಯ ತನ್ನ ಮಗಳ ಗಿಟಾರಿಗೂ ಇದೇ ಕೆಂಪು ಹೊಡೆಸಿಕೊಡು ಅಂತ ಬೆನ್ನು ಹತ್ತಿದ್ದಾನೆ. ಸ್ವರ ಹೋಗಲ್ವಾ ಅಂತ ಕೇಳಿದೆ, "ಅದು ಸಣ್ಣ ಹುಡುಗಿ ಬಿಡೋ" ಅಂದ. ಪೇಂಟರ್ ಬಣ್ಣದ ಅಳತೆ ಬರೆದಿಟ್ಟಿಲ್ಲ, ಮತ್ತೆ ಸೀರೆ ತಗೊಂಡು ಬರ್ರಿ ಅಂತಾನೆ. ಹೆಂಡತಿ ಸೀರೆಯನ್ನು ಟ್ರೆಜರಿಯಲ್ಲಿಟ್ಟು ಬೀಗ ಹಾಕಿದ್ದಾಳೆ.