ಕಾಯಂ ವಿಳಾಸ ಇಲ್ಲದ ಗೋರಿ

ಮೊನ್ನೆ ಬ್ಯಾಂಕಿನವರು ನನ್ನ ಖಾತೆ ತಡೆಹಿಡಿದರು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿಗಿಂತ ಮುಂದಿದೆ, ಪ್ಯಾನ್‌ನಲ್ಲಿ ಹಿಂದಿದೆ. ‘ಇವರಿಬ್ಬರಲ್ಲಿ ನೀವು ಯಾರು ಸಾರ್?’ ಅಂದ ಕೌಂಟರಿನ ಹುಡುಗ. ಉತ್ತರ ಹೊಳೆಯದೆ ನಿಂತಾಗ ನೆನಪಾದವರು ಜಮಾಲುದ್ದೀನ್ ಅಫ್ಘಾನಿ.

ಮುಸ್ಲಿಮರೆಲ್ಲ ಒಂದಾದರೆ ಬ್ರಿಟಿಷರು ಗಂಟುಮೂಟೆ ಕಟ್ಟಲೇಬೇಕು ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಕೈರೋ, ಹೈದರಾಬಾದ್, ಪ್ಯಾರಿಸ್ ಅಲೆದ ಮಹಾಶಯರು. ಕಾಬೂಲಿನಲ್ಲಿದ್ದಾಗ ಇವರ ಹೆಸರು ಇಸ್ತಾಂಬುಲಿ, ಅಂದರೆ ಇಸ್ತಾಂಬುಲಿನವನು; ಅಲ್ಲಿಂದ ಕಾಲ್ತೆಗೆದ ಮೇಲೆ ಅಫ್ಘಾನಿ! ಬಲ್ಲವರ ಪ್ರಕಾರ ಹುಟ್ಟಿದ್ದು ಇರಾನಿನ ಹಮದಾನ್ ಪಕ್ಕದ ಅಸದಾಬಾದ್. ಶಿಯಾ ಸೀಮೆಯವನೆಂದು ಗೊತ್ತಾದರೆ ಸುನ್ನಿಗಳು ಕಿವಿಗೊಡುವುದಿಲ್ಲ ಎಂಬ ಅಂಜಿಕೆ ಇದ್ದಿರಬೇಕು. ಒಗ್ಗಟ್ಟಿನ ಭಾಷಣ ಶುರುವಾಗುವ ಮುಂಚೆಯೇ ಭಾಷಣಕಾರ ಊರು ಬಚ್ಚಿಡಬೇಕಾಯಿತು. ಪುಣ್ಯಕ್ಕೆ ಅಫ್ಘಾನಿಸ್ತಾನದಲ್ಲೂ ಒಂದು ಅಸದಾಬಾದ್ ಇತ್ತು.

ಅವರ ಸಾಹಸಗಳಲ್ಲಿ ನನಗೆ ಇಷ್ಟವಾದದ್ದು ತಂಬಾಕಿನದ್ದು. ಇರಾನಿನ ಶಾ ನಾಸಿರುದ್ದೀನ್ 1890ರಲ್ಲಿ ದೇಶದ ಅಷ್ಟೂ ತಂಬಾಕನ್ನು ಮೇಜರ್ ಟಾಲ್ಬಟ್ ಎಂಬ ಆಂಗ್ಲನಿಗೆ ಐವತ್ತು ವರ್ಷಕ್ಕೆ ಬರೆದುಕೊಟ್ಟ. ವರ್ಷಕ್ಕೆ 15,000 ಪೌಂಡು, ಲಾಭದಲ್ಲಿ ಕಾಲುಪಾಲು. ಎಂಥ ವ್ಯಾಪಾರಿ! ನಮ್ಮೂರ ಸಂತೆಯಲ್ಲಿ ಕುಂಬಳಕಾಯಿ ಮಾರುವವಳೂ ಇದಕ್ಕಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ. ದೇಶದಿಂದ ದಬ್ಬಿಸಿಕೊಂಡಿದ್ದ ಅಫ್ಘಾನಿ, ಇರಾಕಿನ ಸಮಾರಾದಲ್ಲಿದ್ದ ಹಿರಿಯ ಶಿಯಾ ಧರ್ಮಗುರು ಶಿರಾಜಿಗೆ ಖಾರವಾದ ಕಾಗದ ಬರೆದರು. 1891ರ ಡಿಸೆಂಬರಿನಲ್ಲಿ ಫತ್ವಾ ಬಂತು: ತಂಬಾಕು ಮುಟ್ಟಕೂಡದು. ಶಾನ ಜನಾನಾದ ಹೆಂಗಸರೇ ಹುಕ್ಕಾ ಬದಿಗಿಟ್ಟರು. ಗುತ್ತಿಗೆ ರದ್ದಾಯಿತು, ಕಂಪನಿಗೆ ಕೊಡಬೇಕಾದ ಪರಿಹಾರ ಐದು ಲಕ್ಷ ಪೌಂಡು. ಅದನ್ನೂ ಬ್ರಿಟಿಷರ ಬ್ಯಾಂಕಿನಿಂದಲೇ ಸಾಲ ತಂದು ತೀರಿಸಿದರು. ಹೊಗೆ ಬಿಟ್ಟವರು ಪ್ರಜೆಗಳು, ಕೆಮ್ಮಿದ್ದು ಖಜಾನೆ.

1896ರಲ್ಲಿ ಅಫ್ಘಾನಿಯವರ ಶಿಷ್ಯನೊಬ್ಬ ಶಾನನ್ನು ಗುಂಡಿಟ್ಟು ಕೊಂದ. ಆಗ ಇರಾನು, ‘ಗುರು ನಮ್ಮವನು, ಒಪ್ಪಿಸಿ’ ಎಂದು ತುರ್ಕಿಯ ಸುಲ್ತಾನನಿಗೆ ದುಂಬಾಲು ಬಿತ್ತು. ಕೊರಳಿಗೆ ಹಗ್ಗ ಹಾಕಲು ನಮ್ಮವನು. ಈಗಲೂ ನಮ್ಮವನೇ, ಹಾರ ಹಾಕಲು. ಸುಲ್ತಾನ್ ಅಬ್ದುಲ್ ಹಮೀದ್ ಒಪ್ಪಿಸಲಿಲ್ಲ, ಹೊರಗೂ ಬಿಡಲಿಲ್ಲ. ಇಸ್ತಾಂಬುಲಿನ ಮನೆಯಲ್ಲಿ ಅತಿಥಿಸತ್ಕಾರ, ಬಾಗಿಲಲ್ಲಿ ಬೇಹುಗಾರರು. ಮರುವರ್ಷ ದವಡೆಯ ಕ್ಯಾನ್ಸರಿನಿಂದ ತೀರಿಕೊಂಡರು. ಅಮೆರಿಕದ ಧನಿಕನೊಬ್ಬ ಅಲ್ಲಿ ಗೋರಿ ಕಟ್ಟಿಸಿದ. 1944ರಲ್ಲಿ ಅಫ್ಘಾನ್ ಸರ್ಕಾರ ಅವಶೇಷಗಳನ್ನು ಕಾಬೂಲಿಗೆ ಒಯ್ದು ವಿಶ್ವವಿದ್ಯಾಲಯದ ಆವರಣದಲ್ಲಿ ಮಣ್ಣು ಮಾಡಿತು. ಯುದ್ಧದಲ್ಲಿ ಜಖಂಗೊಂಡ ಆ ಗೋರಿಯ ದುರಸ್ತಿಗೆ 2002ರಲ್ಲಿ 25,000 ಡಾಲರ್ ಘೋಷಿಸಿದವರು ಅಮೆರಿಕದ ರಾಯಭಾರಿ! ಸಾಮ್ರಾಜ್ಯಗಳ ವಿರುದ್ಧ ಗಂಟಲು ಹರಿದುಕೊಂಡವನಿಗೆ ಇದಕ್ಕಿಂತ ಒಳ್ಳೆಯ ಗುತ್ತಿಗೆದಾರ ಸಿಗುತ್ತಿದ್ದನೇ?

1882ರಲ್ಲಿ ಕಲ್ಕತ್ತದಲ್ಲಿ ಇವರು ಮುಲ್ಲಾಗಳನ್ನು ಹಂಗಿಸಿದ್ದರು: ರಾತ್ರಿಯಿಡೀ ದೀಪ ಹಚ್ಚಿಟ್ಟು ಓದುತ್ತೀರಿ, ಗಾಜು ತೆಗೆದರೆ ದೀಪ ಯಾಕೆ ಹೊಗೆಯಾಡುತ್ತದೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ? ವಿದ್ಯೆಯಲ್ಲಿ ಮುಸ್ಲಿಂ ವಿದ್ಯೆ, ಯುರೋಪಿನ ವಿದ್ಯೆ ಅಂತ ಬೇರೆಬೇರೆ ಇಲ್ಲ ಅಂತಲೂ ಅಂದಿದ್ದರು.

ಅವರು ಮಲಗಿರುವ ಆ ಕ್ಯಾಂಪಸ್ಸಿನ ತರಗತಿಗಳಿಗೆ 2022ರ ಡಿಸೆಂಬರಿನಿಂದ ಹೆಣ್ಣುಮಕ್ಕಳು ಹೋಗುವಂತಿಲ್ಲ. ತಾಲಿಬಾನಿಗಳ ಅಪ್ಪಣೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೆ ಸಾಕಾಗಿದೆ. ದೀಪ ಯಾಕೆ ಹೊಗೆಯಾಡುತ್ತದೆ ಎಂದು ಕೇಳಬಹುದಾಗಿದ್ದ ಹುಡುಗಿ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಾಳೆ. ಕ್ಯಾಂಪಸ್ಸಿನ ಒಳಗೆ ಗೋರಿ ಇದೆ, ಡಾಲರಿನಲ್ಲಿ ರಿಪೇರಿಯಾದದ್ದು. ತಾಲಿಬಾನಿಗಳು ಅದಕ್ಕೇ ಪಾಠ ಮಾಡಿಕೊಳ್ಳಲಿ.