ಸ್ಪಷ್ಟನೆ: ಒಂದೇ ದಿನದ ಸ್ಕ್ಯಾನ್ ನೋಡಿ ಕೀಮೋ ನಿಲ್ಲಿಸಬೇಡಿ

ಬಾಗಲಕೋಟೆ, ಜಮಖಂಡಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಸ್ತನ ಕ್ಯಾನ್ಸರ್‌ಗೆ ಕೀಮೋ ಕೊಟ್ಟ 24 ಗಂಟೆಯಲ್ಲಿ ಎಂಆರ್ ಸ್ಪೆಕ್ಟ್ರೋಸ್ಕೋಪಿ ಮಾಡಿಸಿ. ಕೋಲೀನ್ ಇಳಿದಿದ್ದರೆ ಗುಣವಾದಂತೆ, ಉಳಿದ ಕೀಮೋ ಬೇಡ' ಎನ್ನುತ್ತದೆ ಅದು. ಕಳೆದ ವಾರ ನಾನೂ ಇದನ್ನು ಎರಡು ಗುಂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಇದರಲ್ಲಿ ನಿಜದ ಎಳೆ ಒಂದಿದೆ. ಈ ಪರೀಕ್ಷೆ ಎಂಆರ್‌ಐ ಯಂತ್ರದಲ್ಲೇ ನಡೆಯುತ್ತದೆ. ಚಿತ್ರದ ಬದಲು ಗಡ್ಡೆಯೊಳಗಿನ ರಾಸಾಯನಿಕಗಳನ್ನು ಅಳೆಯುತ್ತದೆ. ಬೇಗ ಬೆಳೆಯುವ ಕ್ಯಾನ್ಸರ್ ಕೋಶಗಳಲ್ಲಿ ಕೋಲೀನ್ ಎಂಬ ರಾಸಾಯನಿಕ ಜಾಸ್ತಿ. ಔಷಧ ಹಿಡಿದರೆ ಗಡ್ಡೆ ಕುಗ್ಗುವ ಮೊದಲೇ ಅದು ಇಳಿಯಬಹುದು. 2004ರಲ್ಲಿ ಅಮೆರಿಕದ ಸಣ್ಣ ಅಧ್ಯಯನವೊಂದು 24 ಗಂಟೆಯಲ್ಲೇ ಈ ಬದಲಾವಣೆ ಕಂಡಿತ್ತು. ಅಲ್ಲಿದ್ದದ್ದು 4 ಟೆಸ್ಲಾದ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ಸಂಶೋಧನಾ ಯಂತ್ರ.

ಆಮೇಲೆ ಹಲವು ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದಾಗ, ಸೇರಿದ್ದ 119 ಮಹಿಳೆಯರಲ್ಲಿ 29 ಜನರ ಅಳತೆಗಳಷ್ಟೇ ಲೆಕ್ಕಕ್ಕೆ ಸಿಕ್ಕವು. ಸ್ತನದ ಕೊಬ್ಬು, ಉಸಿರಾಟದ ಅಲುಗಾಟ ಅಳತೆಯನ್ನು ಕೆಡಿಸುತ್ತವೆ. ಗಡ್ಡೆ ಚಿಕ್ಕದಾದರೆ ಇನ್ನೂ ಕಷ್ಟ.

ಮುಖ್ಯವಾದದ್ದು ಇದು: ಕೋಲೀನ್ ಇಳಿದರೆ ಔಷಧ ಕೆಲಸ ಮಾಡುತ್ತಿರಬಹುದು ಎಂದಷ್ಟೇ ಅರ್ಥ. ರೋಗ ಹೋಯಿತು ಎಂದಲ್ಲ. ಗಡ್ಡೆ ಪೂರ್ತಿ ಹೋಗಿದೆಯೇ ಎಂದು ಖಚಿತವಾಗುವುದು ಆಪರೇಷನ್ ನಂತರ, ತೆಗೆದ ಭಾಗವನ್ನು ಲ್ಯಾಬ್‌ನಲ್ಲಿ ನೋಡಿದಾಗ. ಅರ್ಧಕ್ಕೆ ಕೀಮೋ ಬಿಟ್ಟರೆ ಉಳಿದ ಕೋಶಗಳು ಮತ್ತೆ ಬೆಳೆಯಬಹುದು, ಅಲ್ವಾ?

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. ಮುಂದಿನ ಕೀಮೋ ತಪ್ಪಿಸುವ ಯೋಚನೆಯಲ್ಲಿ ಯಾರಾದರೂ ಇದ್ದರೆ, ಮೊದಲು ತಮ್ಮ ಡಾಕ್ಟರನ್ನು ಕೇಳಲು ಹೇಳಿ.