ಶಾಸಕರಾಗೋಕೆ ಪೊಲೀಸರು ಕೆಲಸ ಯಾಕೆ ಬಿಡಬೇಕು?

ಜರ್ಮನಿಯ ಎಸೆನ್‌ನಲ್ಲಿದ್ದೀನಿ. ಇಲ್ಲಿಯ ಸಂಸತ್ತಿನಲ್ಲಿ ಪೊಲೀಸರು ಕೂತಿರುವುದು ಯಾರಿಗೂ ಆಶ್ಚರ್ಯವಲ್ಲ. ಇರೇನೆ ಮಿಹಾಲಿಚ್ 2013ರಲ್ಲಿ ಗೆದ್ದರು, ಸೆಬಾಸ್ಟಿಯನ್ ಫೀಡ್ಲರ್ 2021ರಲ್ಲಿ. ಇಬ್ಬರೂ ಪೊಲೀಸ್ ಇಲಾಖೆಯಿಂದಲೇ ಬಂದವರು.

ಇಲ್ಲಿ ಗೆದ್ದವರ ಸರ್ಕಾರಿ ಕೆಲಸ ಹೋಗುವುದಿಲ್ಲ, ತಡೆದು ನಿಲ್ಲಿಸಿರುತ್ತಾರೆ ಅಷ್ಟೇ. ಪ್ರಚಾರಕ್ಕೆ ಎರಡು ತಿಂಗಳವರೆಗೆ ರಜೆಯೂ ಸಿಗುತ್ತದೆ, ಸಂಬಳ ಮಾತ್ರ ಇಲ್ಲ. ಅವಧಿ ಮುಗಿದ ಮೇಲೆ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ, ಮುಂದಿನ ಮೂರು ತಿಂಗಳೊಳಗೆ ಅದೇ ದರ್ಜೆಯ ಹುದ್ದೆಗೆ ವಾಪಸ್ ತೆಗೆದುಕೊಳ್ಳಲೇಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಪಿಂಚಣಿಯ ಲೆಕ್ಕ. ಸಂಸತ್ತಿನಲ್ಲಿ ಕಳೆದ ವರ್ಷಗಳು ಪೊಲೀಸ್ ಪಿಂಚಣಿಗೆ ಸೇರುವುದಿಲ್ಲ, ಯಾಕೆಂದರೆ ಅವಕ್ಕೆ ಸದಸ್ಯರ ಪಿಂಚಣಿ ಬೇರೆ ಇದೆ, ಸದಸ್ಯರಾಗಿದ್ದ ಪ್ರತಿ ವರ್ಷಕ್ಕೂ ಸದಸ್ಯರ ಮಾಸಿಕ ಭತ್ಯೆಯ ಶೇ 2.5ರಂತೆ. ಆ ಪಿಂಚಣಿ ಸಿಗುವಷ್ಟು ಕಾಲ ಇರದೇ ಹೋದವರು ಅರ್ಜಿ ಕೊಟ್ಟು ಆ ಅವಧಿಯನ್ನು ಸೇವೆಗೇ ಸೇರಿಸಿಕೊಳ್ಳಬಹುದು. ಒಂದೇ ವರ್ಷಕ್ಕೆ ಎರಡೆರಡು ಪಿಂಚಣಿ ಇಲ್ಲ, ಯಾವ ವರ್ಷವೂ ನೀರುಪಾಲಾಗುವುದೂ ಇಲ್ಲ.

ನಮ್ಮಲ್ಲಿ? ನಿಲ್ಲಬೇಕೆಂದರೆ ಮೊದಲು ಕೆಲಸ ಬಿಡಬೇಕು. ಹಳೇ ಪಿಂಚಣಿ ನಿಯಮದಲ್ಲಂತೂ ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಸೇವೆಯೇ ಲೆಕ್ಕದಿಂದ ಹೋಗುತ್ತದೆ. ಅನುಪಮಾ ಶೆಣೈ 2016ರಲ್ಲಿ ಡಿವೈಎಸ್‌ಪಿ ಕೆಲಸ ಬಿಟ್ಟವರು, 2018ರಲ್ಲಿ ಕಾಪುವಿನಲ್ಲಿ ನಿಂತು ಸೋತರು. ಅಣ್ಣಾಮಲೈ 2019ರಲ್ಲಿ ಬೆಂಗಳೂರಿನ ಡಿಸಿಪಿ ಹುದ್ದೆ ಬಿಟ್ಟರು, 2021ರಲ್ಲಿ ತಮಿಳುನಾಡಿನ ಅರವಕುರಿಚ್ಚಿಯಲ್ಲಿ ನಿಂತು ಸೋತರು. ಇವರಾದರೂ ಹೆಸರು ಮಾಡಿದ ಅಧಿಕಾರಿಗಳು. ನಮ್ಮ ದೊಡ್ಡಪ್ಪನ ಮಗ ಹೆಡ್ ಕಾನ್ಸ್‌ಟೇಬಲ್, ಠಾಣೆಯಲ್ಲಿ ರೈಟರ್. ಜಮೀನು ಜಗಳ, ಕುಡಿದ ಗಂಡನ ಮೇಲಿನ ದೂರು, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೈಯಾರೆ ಬರೆದವನು. ತಾಲ್ಲೂಕಿನ ಕಷ್ಟ ಅವನಿಗೆ ಗೊತ್ತಿರುವಷ್ಟು ಎಷ್ಟು ಅಭ್ಯರ್ಥಿಗಳಿಗೆ ಗೊತ್ತು ಹೇಳಿ? ಎಲೆಕ್ಷನ್‌ಗೆ ನಿಲ್ಲಣ್ಣಾ ಅಂದರೆ, "ಸೋತ್ರೆ ಮಕ್ಕಳ ಫೀಸು ನೀನು ಕಟ್ತೀಯೇನೋ ತಮ್ಮಾ?" ಅಂತಾನೆ. ಅವನ ಮಾತು ಸರಿಯೇ.

ಪೊಲೀಸರು ಪಕ್ಷದ ಬಣ್ಣ ಹಚ್ಚಿಕೊಂಡು ಠಾಣೆಗೆ ವಾಪಸ್ ಬಂದರೆ ಹೇಗೆ ಅನ್ನುವ ಭಯ ನನಗೂ ಇದೆ. ಎಂಎಲ್‌ಎ ಶಿಫಾರಸು ಪತ್ರದ ಮೇಲೆ ವರ್ಗಾವಣೆ ನಡೆಯುವ ಕಡೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ಬೇರೆ ಜಿಲ್ಲೆಗೆ ಹಾಕಲಿ, ಕೆಲವು ವರ್ಷ ತನಿಖೆಯಿಂದ ದೂರ ಇಡಲಿ, ತರಬೇತಿ ಶಾಲೆಗೆ ಕಳಿಸಲಿ. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮನೋಜ್ ಝಾ ಕೆಲಸ ಬಿಡದೆ ರಾಜ್ಯಸಭೆಗೆ ಹೋದವರು. ಮೇಷ್ಟ್ರಿಗೆ ಆಗುವುದು ಪೇದೆಗೆ ಯಾಕಾಗಬಾರದು?

ಸಂವಿಧಾನದ 191ನೇ ವಿಧಿ ಲಾಭದಾಯಕ ಹುದ್ದೆಯಲ್ಲಿರುವವರನ್ನು ತಡೆಯುತ್ತದೆ, ನಿಜ. ಆದರೆ ಯಾವ ಹುದ್ದೆಗೆ ವಿನಾಯಿತಿ ಕೊಡಬೇಕೆಂದು ಶಾಸನಸಭೆಯೇ ಕಾನೂನು ಮಾಡಬಹುದು ಅಂತಲೂ ಅಲ್ಲೇ ಇದೆ. ನಮ್ಮ ರಾಜ್ಯದಲ್ಲಿ 1956ರಿಂದಲೇ ಅಂಥ ಕಾಯ್ದೆ ಇದೆ. ನಿಗಮ, ಮಂಡಳಿಗಳ ಅಧ್ಯಕ್ಷರಾಗುವ ಶಾಸಕರಿಗಾಗಿ ಅದನ್ನು ತಿದ್ದುತ್ತಲೇ ಬಂದಿದ್ದಾರೆ. ಅದಕ್ಕೆ ಇನ್ನೊಂದು ಸಾಲು ಸೇರಿಸಲಿ, ಸೇವಾ ನಿಯಮವನ್ನೂ ಬದಲಿಸಲಿ: ಸಂಬಳವಿಲ್ಲದ ರಜೆಯಲ್ಲಿರುವ ಪೊಲೀಸ್ ಸಿಬ್ಬಂದಿ ಚುನಾವಣೆಗೆ ನಿಲ್ಲಬಹುದು ಅಂತ.